ಗೋಡೆಗಾಗಿ ಹುಡುಕಾಟ: ಬೆಂಗಳೂರಿನ ಕಲಾವಿದರು, ಅವರ ಗುಂಪುಗಳು

ಒಂದು ನಗರದ ಕಲೆಯ ಇತಿಹಾಸವನ್ನು ಕಲಾವಿದರ ಹೆಸರು ಮತ್ತು ಶೈಲಿಗಳ ಮೂಲಕ ಹೇಳುವುದು ವಾಡಿಕೆ. ಕಲ್ಕತ್ತ ಎಂದೊಡನೆ ಅವನೀಂದ್ರನಾಥ ಠಾಕೂರರ ಬಂಗಾಳ ಪಂಥ ನೆನಪಾಗುತ್ತದೆ. ಮುಂಬಯಿ ಎಂದೊಡನೆ 1947ರಲ್ಲಿ ಸೋಜಾ, ರಜಾ, ಹುಸೇನ್, ಆರಾ ಮೊದಲಾದವರು ಕಟ್ಟಿದ ಪ್ರಗತಿಶೀಲ ಕಲಾವಿದರ ಗುಂಪು ಕಣ್ಣಮುಂದೆ ಬರುತ್ತದೆ. ಬೆಂಗಳೂರಿಗೆ ಇಂಥದೊಂದು ಹಣೆಪಟ್ಟಿ ಅಂಟಲಿಲ್ಲ. ‘ಬೆಂಗಳೂರು ಶೈಲಿ’ ಎಂದು ಗುರುತಿಸಬಹುದಾದ ಚಿತ್ರಪರಂಪರೆ ಇಲ್ಲಿ ರೂಪುಗೊಳ್ಳಲಿಲ್ಲ.

ಹಾಗೆಂದು ಇಲ್ಲಿ ಗುಂಪುಗಳೇ ಇರಲಿಲ್ಲವೆಂದು ತಿಳಿಯಬೇಕಾಗಿಲ್ಲ. ಅವು ಹುಟ್ಟಿದವು, ಕೆಲಕಾಲ ಬಾಳಿದವು, ಚದುರಿದವು. ಅವುಗಳ ಚರಿತ್ರೆಯನ್ನು ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬೆಂಗಳೂರಿನ ಕಲಾವಿದರನ್ನು ಮತ್ತೆ ಮತ್ತೆ ಒಟ್ಟುಗೂಡಿಸಿದ್ದು ಜಾಗದ ಪ್ರಶ್ನೆ. ಕಲಿಯಲು ಒಂದು ಸೂರು, ಕೆಲಸ ಮಾಡಲು ಒಂದು ಕೋಣೆ, ಚಿತ್ರ ತೂಗುಹಾಕಲು ಒಂದು ಗೋಡೆ – ಇವಿಷ್ಟಕ್ಕಾಗಿ ನಡೆದ ಪ್ರಯತ್ನಗಳೇ ಈ ನಗರದ ಆಧುನಿಕ ಕಲೆಯ ಚರಿತ್ರೆ ಎಂದರೂ ನಡೆದೀತು.

ಅರಮನೆಯಿಂದ ಸಾರ್ವಜನಿಕ ಗೋಡೆಗೆ

ಈ ಕಥೆ ಕೆ. ವೆಂಕಟಪ್ಪನವರಿಂದ (1886–1965) ಆರಂಭವಾಗುತ್ತದೆ. ಮೈಸೂರು ಅರಮನೆಯ ಆಶ್ರಯದಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥರ ಶಿಷ್ಯರಾದ ವೆಂಕಟಪ್ಪ, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರು ಹಿಂದೂ ಹಾಗೂ ಬೌದ್ಧ ಪುರಾಣಕಥೆಗಳ ಬಗ್ಗೆ ಬರೆದು 1913ರಲ್ಲಿ ಪ್ರಕಟವಾದ ಗ್ರಂಥಕ್ಕೆ ಚಿತ್ರ ಬರೆದುಕೊಟ್ಟವರು. ಊಟಿ ಮತ್ತು ಕೊಡೈಕೆನಾಲ್‌ಗಳ ಮಂಜು, ಬೆಟ್ಟ, ಕೆರೆಗಳನ್ನು ಜಲವರ್ಣದಲ್ಲಿ ಹಿಡಿದವರು. ಅರಮನೆಗೆ ಉಬ್ಬುಶಿಲ್ಪಗಳನ್ನು ಮಾಡಿಕೊಟ್ಟವರು. ವೀಣೆಯನ್ನೂ ಅಷ್ಟೇ ಶ್ರದ್ಧೆಯಿಂದ ಅಭ್ಯಸಿಸಿದ ಅವರದು ಒಂಟಿ ಬದುಕು. ಅವರ ಕಾಲದಲ್ಲಿ ಚಿತ್ರಕಾರನಿಗೆ ಗೋಡೆ ಒದಗಿಸುತ್ತಿದ್ದುದು ಅರಮನೆ. ಅರಸೊತ್ತಿಗೆ ಮುಗಿದ ಮೇಲೆ ಆ ಗೋಡೆಯೂ ಹೋಯಿತು.

ವೆಂಕಟಪ್ಪನವರ ನಿಧನಾನಂತರ ಅವರ ಕೃತಿಗಳಿಗಾಗಿ ಸರ್ಕಾರ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ, ಒಂದು ಚಿತ್ರಶಾಲೆಯನ್ನು ಕಟ್ಟಿಸಿತು. ಎಪ್ಪತ್ತರ ದಶಕದಲ್ಲಿ ತೆರೆದ ಈ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಅವರ ಚಿತ್ರಗಳಲ್ಲದೆ, ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಕೆ.ಕೆ. ಹೆಬ್ಬಾರರ (1911–1996) ಕೃತಿಗಳಿಗೂ ಸ್ಥಾನ ದೊರೆಯಿತು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿತ್ತು. ಅಲ್ಲಿನ ಕೆಲವು ಸಭಾಂಗಣಗಳು ಅಲ್ಪ ಬಾಡಿಗೆಗೆ ಯಾವುದೇ ಕಲಾವಿದನಿಗೆ ಸಿಗುವಂತಿದ್ದವು. ಜಿಲ್ಲಾ ಕೇಂದ್ರಗಳಿಂದ ಬಂದ ಯುವಕರು, ಡ್ರಾಯಿಂಗ್ ಮೇಷ್ಟ್ರುಗಳು, ಆಗಷ್ಟೇ ಡಿಪ್ಲೊಮಾ ಮುಗಿಸಿದ ಹುಡುಗಿಯರು ತಮ್ಮ ಮೊದಲ ಪ್ರದರ್ಶನವನ್ನು ಇಲ್ಲಿ ಏರ್ಪಡಿಸಿದರು. ಚಿತ್ರ ಮಾರಾಟವಾಗುತ್ತದೆಯೇ ಇಲ್ಲವೇ ಎಂದು ಇಲ್ಲಿ ಯಾರೂ ಕೇಳುತ್ತಿರಲಿಲ್ಲ.

ಎರಡು ಶಾಲೆಗಳು

ಕಲಾಶಿಕ್ಷಣದಲ್ಲಿಯೂ ಬೆಂಗಳೂರು ಖಾಸಗಿ ಛಲವನ್ನೇ ನಂಬಿತು. 1919ರಷ್ಟು ಹಿಂದೆಯೇ ಅ.ನ. ಸುಬ್ಬರಾಯರು ಇಲ್ಲಿ ‘ಕಲಾಮಂದಿರ’ವನ್ನು ಆರಂಭಿಸಿದ್ದರು. ಮುಂದೆ ಎರಡು ಸಂಸ್ಥೆಗಳು ನಗರದ ಕಲಾಜೀವನವನ್ನು ರೂಪಿಸಿದವು.

ಮೊದಲನೆಯದು 1960ರಲ್ಲಿ ಸ್ಥಾಪನೆಯಾದ ಚಿತ್ರಕಲಾ ಪರಿಷತ್ತು. ಅದರ ಹಿಂದಿನ ಶಕ್ತಿ ಎಂ.ಎಸ್. ನಂಜುಂಡರಾಯರು. ಕುಮಾರಕೃಪಾ ರಸ್ತೆಯಲ್ಲಿ ನೆಲೆ ದೊರೆತ ಮೇಲೆ ಪರಿಷತ್ತು ಶಾಲೆ, ಚಿತ್ರಸಂಗ್ರಹ, ಪ್ರದರ್ಶನಾಲಯ ಮೂರನ್ನೂ ಒಂದೇ ಆವರಣದಲ್ಲಿ ಬೆಳೆಸಿತು. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಪತ್ನಿ ದೇವಿಕಾರಾಣಿಯವರೊಂದಿಗೆ ನೆಲೆಸಿದ್ದ ರಷ್ಯನ್ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳೂ ಇಲ್ಲಿ ಸೇರಿದವು.

ಎರಡನೆಯದು ಬಾದಾಮಿ ಕಡೆಯಿಂದ ಬಂದ ಆರ್.ಎಂ. ಹಡಪದ್ (1936–2003) ಅವರು ಕಟ್ಟಿ, ಶೇಷಾದ್ರಿಪುರದಲ್ಲಿ ನೆಲೆಗೊಳಿಸಿದ ಕೆನ್ ಕಲಾಶಾಲೆ. ಪರಿಷತ್ತಿಗೆ ಇದ್ದ ವಿಸ್ತಾರವಾಗಲೀ ಸಂಪನ್ಮೂಲವಾಗಲೀ ಇದಕ್ಕಿರಲಿಲ್ಲ. ಇದ್ದದ್ದು ಒಬ್ಬ ಮೇಷ್ಟ್ರು. ಹಡಪದ್ ಸ್ವತಃ ಒಳ್ಳೆಯ ಚಿತ್ರಕಾರರಾಗಿದ್ದರೂ ಜನ ಅವರನ್ನು ಇಂದಿಗೂ ನೆನೆಯುವುದು ಗುರುವೆಂದು. ಬಾದಾಮಿಯ ಜನಜೀವನವನ್ನು ಗಾಢವರ್ಣಗಳಲ್ಲಿ ಚಿತ್ರಿಸಿ ಪ್ರಸಿದ್ಧರಾದ ಜೆ.ಎಂ.ಎಸ್. ಮಣಿ (1949–2021) ಇಲ್ಲಿಯ ವಿದ್ಯಾರ್ಥಿ; ಮುಂದೆ ಅದೇ ಶಾಲೆಯ ಪ್ರಾಂಶುಪಾಲರೂ ಆದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಕೂಡ ಇಲ್ಲಿ ಕಲಿತು, ಅನಂತರ ಶಾಂತಿನಿಕೇತನಕ್ಕೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೂ ಹೋದವರು.

ಇದೇ ಅವಧಿಯಲ್ಲಿ ನೆರೆಯ ಮದರಾಸಿನಲ್ಲಿ ಬೇರೊಂದು ಮಾದರಿ ಬೆಳೆದಿತ್ತು. ಅಲ್ಲಿನ ಸರ್ಕಾರಿ ಕಲಾಶಾಲೆಯ ಮುಖ್ಯಸ್ಥ ಕೆ.ಸಿ.ಎಸ್. ಪಣಿಕ್ಕರ್ ಅವರ ನೇತೃತ್ವದಲ್ಲಿ ಕಲಾವಿದರು ಬಾಟಿಕ್ ಮೊದಲಾದ ಕರಕುಶಲ ವಸ್ತುಗಳನ್ನು ಮಾಡಿ ಮಾರಿ, ಬಂದ ಹಣದಲ್ಲಿ ಕಡಲತೀರದ ಸಮೀಪ ಜಮೀನು ಕೊಂಡು 1966ರಲ್ಲಿ ಚೋಳಮಂಡಲ ಕಲಾಗ್ರಾಮವನ್ನು ಕಟ್ಟಿದರು. ಅದರ ಸ್ಥಾಪಕ ಸದಸ್ಯರಲ್ಲಿ ಮೈಸೂರಿನ ಎಸ್.ಜಿ. ವಾಸುದೇವ್ ಒಬ್ಬರು, ಅವರು 1988ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಅಲ್ಲಿನ ಕಲಾವಿದರಿಗೆ ಸ್ವಂತ ನೆಲವಿದ್ದುದರಿಂದ ಆ ಗುಂಪು ದಶಕಗಳ ಕಾಲ ಉಳಿಯಿತು. ಬೆಂಗಳೂರಿನ ಕಲಾವಿದರು ಒಟ್ಟಾಗಿ ಅಂಥ ನೆಲ ಕೊಳ್ಳಲಿಲ್ಲ. ಕೊಳ್ಳಬೇಕೆನ್ನುವ ಹೊತ್ತಿಗೆ ನಿವೇಶನದ ಬೆಲೆ ಕೈಗೆಟುಕದಷ್ಟು ಏರಿತ್ತು. ಇಲ್ಲಿಯ ಗುಂಪುಗಳ ಅಲ್ಪಾಯುಷ್ಯಕ್ಕೆ ಇದೊಂದು ಮುಖ್ಯ ಕಾರಣವೆನ್ನಬೇಕು.

ಗೋಡೆ ಸಾಲದಾದಾಗ

ತೊಂಬತ್ತರ ದಶಕದಲ್ಲಿ ಎರಡು ಬದಲಾವಣೆಗಳು ಒಟ್ಟೊಟ್ಟಿಗೆ ಬಂದವು. 1991ರ ಆರ್ಥಿಕ ಉದಾರೀಕರಣದ ಬಳಿಕ ನಗರಕ್ಕೆ ಹೊಸ ಹಣ ಹರಿದುಬಂತು. 1996ರಲ್ಲಿ ಆರಂಭವಾದ ಸುಮುಖ ಗ್ಯಾಲರಿಯೂ ಸೇರಿದಂತೆ ಖಾಸಗಿ ಗ್ಯಾಲರಿಗಳು ಕಾಣಿಸಿಕೊಂಡವು. ಚಿತ್ರ ಕೊಳ್ಳುವುದು ಮೇಲ್ಮಧ್ಯಮ ವರ್ಗದ ಹವ್ಯಾಸವಾಗತೊಡಗಿತು. ಅದೇ ಕಾಲಕ್ಕೆ ಕೆಲವು ಕಲಾವಿದರು ಕೊಳ್ಳಲೂ ತೂಗುಹಾಕಲೂ ಬಾರದಂಥ ಕೃತಿಗಳನ್ನು ಮಾಡತೊಡಗಿದರು.

ಶೀಲಾ ಗೌಡ ಅವರದು ಇದಕ್ಕೆ ಒಳ್ಳೆಯ ನಿದರ್ಶನ. 1992–93ರ ಮುಂಬಯಿ ಗಲಭೆಗಳ ನಂತರ ಅವರು ತೈಲವರ್ಣವನ್ನು ಬಿಟ್ಟು ಸಗಣಿಯನ್ನು ಮಾಧ್ಯಮವಾಗಿ ಕೈಗೆತ್ತಿಕೊಂಡರು. ಸಗಣಿ ನಮ್ಮ ಮನೆಯಂಗಳದ ವಸ್ತು, ಒಲೆಯ ಉರುವಲು, ಪೂಜೆಗೂ ಸಲ್ಲುವಂಥದ್ದು. ಹಿಂಸೆಯ ಬಗ್ಗೆ ಮಾತಾಡಲು ಕ್ಯಾನ್ವಾಸಿಗಿಂತ ಅದು ಸಮರ್ಥವೆಂದು ಅವರಿಗೆ ಕಂಡಿತು. 1998ರ ಒಂದು ಕೃತಿಯಲ್ಲಿ ಸೂಜಿಗಳಿಗೆ ಪೋಣಿಸಿದ ಉದ್ದನೆಯ ನೂಲುಗಳನ್ನು ಹೊಸೆದು, ಕುಂಕುಮ ಬಳಿದು, ಕೆಂಪು ಹಗ್ಗವಾಗಿ ಕೋಣೆಯ ತುಂಬ ಹರಡಿದರು. 2009ರ ವೆನಿಸ್ ಬಿನಾಲೆಯಲ್ಲಿ ತೋರಿಸಿದ ಕೃತಿಯಲ್ಲಿ ಕಾರಿನ ಬಂಪರುಗಳನ್ನು ಕೂದಲಿನ ಹಗ್ಗಗಳಿಂದ ತೂಗುಬಿಟ್ಟರು. ದೃಷ್ಟಿ ತಾಕದಿರಲೆಂದು ಇಲ್ಲಿಯ ಚಾಲಕರು ವಾಹನದ ಬಂಪರಿಗೆ ಕೂದಲ ಹಗ್ಗ ಕಟ್ಟುವುದನ್ನು ಕಂಡವರಿಗೆ ಆ ಕೃತಿಯ ಊರು ಯಾವುದೆಂದು ಹೇಳಬೇಕಾಗಿಲ್ಲ.

ಪುಷ್ಪಮಾಲಾ ಎನ್. ಅವರ ದಾರಿ ಇನ್ನೊಂದು. ಬರೋಡದಲ್ಲಿ ಶಿಲ್ಪಕಲೆ ಕಲಿತ ಅವರು ತೊಂಬತ್ತರ ದಶಕದ ಮಧ್ಯಭಾಗದಲ್ಲಿ ಮಣ್ಣನ್ನು ಬದಿಗಿಟ್ಟು ತಮ್ಮ ದೇಹವನ್ನೇ ಮಾಧ್ಯಮ ಮಾಡಿಕೊಂಡರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ ರಚಿಸಿದ ಚಿತ್ರಮಾಲೆಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾದರು, ಪತ್ರಿಕೆಯಲ್ಲಿ ಬಂದ ಬಂಧಿತ ಹೆಂಗಸಾದರು, ವಸಾಹತುಶಾಹಿ ವಿದ್ವಾಂಸರು ಅಳತೆಪಟ್ಟಿಯ ಮುಂದೆ ನಿಲ್ಲಿಸಿದ ಆದಿವಾಸಿ ಮಹಿಳೆಯೂ ಆದರು. ಹೆಣ್ಣಿನ ಚಿತ್ರವನ್ನು ಯಾರು, ಯಾತಕ್ಕಾಗಿ ತೆಗೆಯುತ್ತಾರೆ ಎಂಬ ಪ್ರಶ್ನೆಯನ್ನು ವಿನೋದದೊಂದಿಗೆ ಎತ್ತಿದ ಕೃತಿಗಳಿವು. 1999ರಲ್ಲಿ ಅವರು ಸಂಯೋಜಿಸಿದ ‘ಸ್ಥಳಪುರಾಣಗಳು’ ಪ್ರತಿಷ್ಠಾಪನ ಕಲೆಯನ್ನು ಗ್ಯಾಲರಿಯ ಹೊರಗೆ, ನಗರದ ಸಾರ್ವಜನಿಕ ಜಾಗಗಳಿಗೆ ತಂದಿತ್ತು.

ಮನೆಯೇ ಗ್ಯಾಲರಿ

ಇಂಥ ಕೃತಿಗಳಿಗೆ ವ್ಯಾಪಾರಿ ಗ್ಯಾಲರಿಗಳಲ್ಲಿ ಜಾಗ ಕಡಿಮೆ. ಸರ್ಕಾರಿ ಸಭಾಂಗಣಗಳಲ್ಲಿ ನಿಯಮಗಳ ತೊಡಕು. ಹೀಗಾಗಿ ಕಲಾವಿದರೇ ನಡೆಸುವ ತಾಣಗಳ ಕಾಲ ಬಂತು. 2001ರಲ್ಲಿ ಸ್ವಿಸ್ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಹಾಗೂ ಸ್ಥಳೀಯ ಕಲಾವಿದರು ಸೇರಿ ‘ಬಾರ್ ವನ್’ ಎಂಬ ಆತಿಥ್ಯ ಯೋಜನೆಯನ್ನು ಆರಂಭಿಸಿದರು. ಪರ ಊರುಗಳ ಕಲಾವಿದರು ಇಲ್ಲಿ ಕೆಲವು ವಾರ ಇದ್ದು ಕೆಲಸ ಮಾಡಿ, ಇಲ್ಲಿಯವರೊಡನೆ ಮಾತುಕತೆ ನಡೆಸಿ ಹೋಗುವ ವ್ಯವಸ್ಥೆ ಅದು. 2003ರಲ್ಲಿ ಕಲಾ ಇತಿಹಾಸಕಾರ, ಚಿತ್ರಕಲಾ ಪರಿಷತ್ತಿನಲ್ಲಿ ಅಧ್ಯಾಪಕರಾಗಿದ್ದ ಸುರೇಶ್ ಜಯರಾಂ ತಮ್ಮ ಮನೆಯನ್ನೇ ‘1 ಶಾಂತಿ ರೋಡ್’ ಎಂಬ ಕಲಾತಾಣವಾಗಿ ತೆರೆದರು. ಬಾದಾಮಿ ಮರದ ಸುತ್ತ ಕಟ್ಟಿದ ಆ ಮನೆಯಲ್ಲಿ ಪ್ರದರ್ಶನ, ಉಪನ್ಯಾಸ, ಅಡುಗೆ, ಜಗಳ, ವಸತಿ ಎಲ್ಲವೂ ನಡೆದವು. ನಗರದ ಒಂದಿಡೀ ಪೀಳಿಗೆ ಸಮಕಾಲೀನ ಕಲೆಯನ್ನು ಅಲ್ಲಿಯ ನೆಲದ ಮೇಲೆ ಕುಳಿತು ತಿಳಿದುಕೊಂಡಿತೆನ್ನಬಹುದು.

2009ರಲ್ಲಿ ಸುರೇಶ್ ಕುಮಾರ್ ಜಿ., ಅರ್ಚನಾ ಪ್ರಸಾದ್, ಶಿವಪ್ರಸಾದ್ ಮೊದಲಾದವರು ಜೆ.ಸಿ. ರಸ್ತೆಯ ಎ.ಡಿ.ಎ. ರಂಗಮಂದಿರದ ಕಟ್ಟಡದಲ್ಲಿ ‘ಸಮೂಹ’ವನ್ನು ಆರಂಭಿಸಿದರು. ಕಲಾವಿದರೇ ವೆಚ್ಚವನ್ನು ಹಂಚಿಕೊಳ್ಳುವುದು, ಸರದಿಯ ಮೇಲೆ ಜಾಗವನ್ನು ತಮಗೆ ಬೇಕಾದಂತೆ ಬಳಸುವುದು – ಇದು ಅದರ ಕ್ರಮ. 414 ದಿನಗಳು ಎಂಬ ಅವಧಿ ಮುಗಿದೊಡನೆ ಅದು ಮುಕ್ತಾಯವಾಯಿತು. ಇದರ ರೂವಾರಿಗಳಲ್ಲಿ ಒಬ್ಬರಾದ ಸುರೇಶ್ ಕುಮಾರ್ ಮುಂದೆ ಸರ್ಜಾಪುರದಲ್ಲಿ ಮರೆತುಹೋಗುತ್ತಿದ್ದ ದೇಸಿ ಸೊಪ್ಪು ತರಕಾರಿಗಳನ್ನು ಬೆಳೆಯುವುದನ್ನೇ ತಮ್ಮ ಕಲಾಕಾಯಕದ ಭಾಗವಾಗಿಸಿಕೊಂಡರು. ಕೆರೆ, ಹೊಲಗಳು ಬಡಾವಣೆಗಳಾಗುತ್ತಿದ್ದ ಊರಿನಲ್ಲಿ ಇದು ವಿಚಿತ್ರವೇನೂ ಅಲ್ಲ.

ಅದೇ 2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಬೆಂಗಳೂರು ಶಾಖೆ ತೆರೆಯಿತು. ವರ್ಷಕ್ಕೊಮ್ಮೆ ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸಿ ಪರಿಷತ್ತು ನಡೆಸುವ ಚಿತ್ರಸಂತೆಯಂತೂ ಸಾವಿರಕ್ಕೂ ಹೆಚ್ಚು ಕಲಾವಿದರನ್ನು ಕಾಲುದಾರಿಯ ಮೇಲೆಯೇ ಜನರೆದುರು ಕೂರಿಸಿತು. ಗೋಡೆಯ ಹಂಗನ್ನೇ ತೊರೆದವರೂ ಇದ್ದಾರೆ. ಮೈಸೂರಿನಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಇರಿಸಿದಾಗ, ಕಲಾವಿಮರ್ಶೆ ಓದದವರಿಗೂ ಅದರ ಅರ್ಥ ತಿಳಿಯಿತು; ಗುಂಡಿಯೂ ಮುಚ್ಚಿತು.

ಒಂದು ಕಟ್ಟಡಕ್ಕಾಗಿ

ಇಷ್ಟೆಲ್ಲ ಹೊಸ ತಾಣಗಳು ಬಂದ ಮೇಲೆ ಹಳೆಯ ವೆಂಕಟಪ್ಪ ಗ್ಯಾಲರಿಯ ಅಗತ್ಯವೇನು ಎಂಬ ಪ್ರಶ್ನೆಗೆ 2016ರಲ್ಲಿ ಉತ್ತರ ದೊರೆಯಿತು. ಪ್ರವಾಸೋದ್ಯಮ ಇಲಾಖೆಯು ತಾಣಗಳನ್ನು ದತ್ತು ನೀಡುವ ಯೋಜನೆಯಡಿ 2015ರಲ್ಲಿ ಗ್ಯಾಲರಿಯನ್ನು ತಸ್ವೀರ್ ಪ್ರತಿಷ್ಠಾನಕ್ಕೆ ವಹಿಸುವ ಒಪ್ಪಂದ ಮಾಡಿಕೊಂಡಿತ್ತು. ವಿಷಯ ಬಹಿರಂಗವಾದಾಗ ಕಲಾವಿದರು ಒಂದು ವೇದಿಕೆ ರಚಿಸಿಕೊಂಡು ಬೀದಿಗಿಳಿದರು.

ಎರಡೂ ಕಡೆಯ ವಾದಗಳಲ್ಲಿ ಹುರುಳಿತ್ತು. ಗ್ಯಾಲರಿಯ ಸ್ಥಿತಿ ಹೆಮ್ಮೆಪಡುವಂತಿರಲಿಲ್ಲ. ಬೆಳಕು, ನಿರ್ವಹಣೆ, ಕೃತಿಗಳ ರಕ್ಷಣೆ ಎಲ್ಲದರಲ್ಲೂ ಕೊರತೆಯಿತ್ತು. ಖಾಸಗಿ ಬಂಡವಾಳ ಬಂದರೆ ಸುಸಜ್ಜಿತ ಸಂಗ್ರಹಾಲಯವಾಗುತ್ತದೆ ಎಂಬುದು ಒಂದು ಪಕ್ಷ. ಸಾರ್ವಜನಿಕ ಆಸ್ತಿಯ ಭವಿಷ್ಯವನ್ನು ಕಲಾವಿದರನ್ನು ಕೇಳದೆ ತೀರ್ಮಾನಿಸಿದ್ದು ತಪ್ಪು, ಅಲ್ಪ ಬಾಡಿಗೆಯ ಗೋಡೆ ಒಮ್ಮೆ ಹೋದರೆ ಮತ್ತೆ ಬಾರದು ಎಂಬುದು ಇನ್ನೊಂದು. ಕೊನೆಗೆ ಆ ಯೋಜನೆ ಕೈಬಿಟ್ಟಿತು. ಅದರ ಹಿಂದಿದ್ದವರು ಕಸ್ತೂರಬಾ ರಸ್ತೆಯಲ್ಲಿಯೇ ಬೇರೆ ನಿವೇಶನದಲ್ಲಿ ಕಟ್ಟಿದ ಕಲೆ ಮತ್ತು ಛಾಯಾಗ್ರಹಣ ಸಂಗ್ರಹಾಲಯ, ‘ಮ್ಯಾಪ್’, 2023ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ನಗರಕ್ಕೆ ಒಂದರ ಬದಲು ಎರಡು ತಾಣಗಳು ಉಳಿದವು.

ಈ ಹೋರಾಟದ ವಿಶೇಷವೆಂದರೆ ಅದರಲ್ಲಿ ಭಾಗವಹಿಸಿದವರ ವೈವಿಧ್ಯ. ಭೂದೃಶ್ಯ ಬರೆಯುವವರು, ಪ್ರತಿಷ್ಠಾಪನ ಕಲಾವಿದರು, ಹಿರಿಯರು, ಆಗಷ್ಟೇ ಕಾಲೇಜು ಬಿಟ್ಟವರು – ಕಲೆಯ ಬಗ್ಗೆ ಒಂದೇ ಅಭಿಪ್ರಾಯವಿಲ್ಲದ ಇವರೆಲ್ಲ ಒಂದು ಕಟ್ಟಡಕ್ಕಾಗಿ ಒಂದಾದರು. ಬೆಂಗಳೂರಿನ ಕಲಾಲೋಕ ಅಷ್ಟು ವ್ಯಾಪಕವಾಗಿ ಒಂದು ಗುಂಪಾದದ್ದು ಅಪರೂಪ.

ಆದರೆ ಕಟ್ಟಡವೊಂದು ಕೈತಪ್ಪದಂತೆ ತಡೆಯುವುದು ಬೇರೆ, ಅದನ್ನು ಚೆನ್ನಾಗಿ ನಡೆಸುವುದು ಬೇರೆ. ಕಲಾವಿದರು ನಡೆಸಿದ ತಾಣಗಳ ಬಹುಪಾಲು ಕೃತಿಗಳು ಕೆಲವೇ ದಿನ ಇದ್ದು ಅಳಿದುಹೋದವು. ಅವುಗಳ ಛಾಯಾಚಿತ್ರ, ಕರಪತ್ರ, ಕನ್ನಡದ ವಿಮರ್ಶೆಗಳನ್ನು ಕೂಡಿಡುವ ಕೆಲಸವನ್ನು ಸಾರ್ವಜನಿಕ ಸಂಸ್ಥೆಯೇ ಮಾಡಬೇಕಾಗುತ್ತದೆ. ಹಾಗೆಯೇ ಕಲಬುರ್ಗಿಯಿಂದಲೋ ಶಿವಮೊಗ್ಗದಿಂದಲೋ ಸುತ್ತಿದ ಕ್ಯಾನ್ವಾಸುಗಳನ್ನು ಬಗಲಲ್ಲಿಟ್ಟುಕೊಂಡು ಬರುವ ಹುಡುಗನಿಗೆ ಒಂದು ವಾರದ ಮಟ್ಟಿಗೆ ಬೆಳಕಿರುವ, ಸೋರದ, ಬಾಡಿಗೆ ಭರಿಸಬಹುದಾದ ಒಂದು ಸಭಾಂಗಣ ಸಿಗಬೇಕು. ಅರಮನೆಯ ಗೋಡೆ ಹೋದ ಮೇಲೆ ಪ್ರಜೆಗಳ ಸರ್ಕಾರ ಕೊಟ್ಟ ಮಾತು ಅಷ್ಟೇ ಆಗಿತ್ತು.