ಪದ ಪರಿಚಯ: ಆಲಿಕಲ್ಲು

ಆಲಿಕಲ್ಲು – ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸುದ್ದಿಗಳಲ್ಲಿ ಈ ಪದ ಕೆಲವೊಮ್ಮೆ 'ಅಲಿಕಲ್ಲು' ಎಂದು ಅಚ್ಚಾಗುತ್ತದೆ. ಮೊದಲಕ್ಷರ ದೀರ್ಘವೇ ಸರಿ. ಏಕೆಂದರೆ 'ಆಲಿ' ಎಂದರೇ ಮಳೆಯೊಡನೆ ಬೀಳುವ ಮಂಜುಗಡ್ಡೆ. ಕಲ್ಲು ಆಮೇಲೆ ಸೇರಿದ್ದು. ತಮಿಳಿನ 'ಆಲಿ'ಗೆ ಮಳೆಹನಿ ಎಂಬ ಅರ್ಥವೂ ಉಂಟು. ಅಲ್ಲಿ ಆಲಿಕಲ್ಲನ್ನು 'ಆಲಂಗಟ್ಟಿ' ಎನ್ನುತ್ತಾರೆ, ಅದರಲ್ಲಿನ 'ಗಟ್ಟಿ' ಎಂದರೆ ಗಟ್ಟಿಯಾದ ಉಂಡೆ. ಮಲಯಾಳಿಗಳಿಗೆ ಅದು 'ಆಲಿಪ್ಪಳಂ', ಹಣ್ಣು! ಮಾವಿನ ತೋಟದವರು, ದ್ರಾಕ್ಷಿ ಬೆಳೆದವರು ಮಾತ್ರ ಕಲ್ಲೆಂಬುದನ್ನೇ ಒಪ್ಪಿಯಾರು. ಸಂಸ್ಕೃತದ 'ಕರಕ' ನಮ್ಮಲ್ಲಿ ನಿಘಂಟು ದಾಟಿ ಹೊರಬಂದದ್ದು ಕಡಿಮೆ.

ಕಣ್ಣಾಲಿಯ 'ಆಲಿ' ಕಣ್ಣಿನ ಗುಡ್ಡೆ. ಎರಡೂ ದುಂಡಗಿವೆಯೆಂದು ನಂಟು ಕಟ್ಟಲು ಮನಸ್ಸಾಗುತ್ತದೆ, ಆದರೆ ಅಷ್ಟಕ್ಕೇ ಬೇರು ಒಂದೇ ಎನ್ನಲಾಗದು. ಆಡುಮಾತಿನಲ್ಲಿ 'ಆನೆಕಲ್ಲು' ಎಂಬ ರೂಪವೂ ಇದೆ. ಇಲ್ಲಿ ಆನೆಗೆ ಕೆಲಸವಿಲ್ಲ, ಕಿವಿಗೆ ಪರಿಚಿತವಾದ ಪದ ಬಂದು ಕೂತಿದೆ ಅಷ್ಟೆ. ಬೆಂಗಳೂರಿನ ಪಕ್ಕದ ಆನೇಕಲ್ಲಿನ ಹೆಸರನ್ನು ಇದರೊಡನೆ ಜೋಡಿಸುವವರೂ ಇದ್ದಾರೆ.

ಇನ್ನು, ಆಲಿಕಲ್ಲು ಬಿದ್ದರೆ 'ಹಿಮಪಾತ' ಎಂದು ಬರೆಯುವುದು ಬೇಡ. ಹಿಮ ಹಗುರವಾಗಿ ಉದುರುತ್ತದೆ. ಆಲಿಕಲ್ಲು ಗುಡುಗುಮೋಡದೊಳಗೆ ಮೇಲೇರುವ ಗಾಳಿಗೆ ಸಿಕ್ಕಿ, ಮೈಮೇಲೆ ನೀರು ಹೆಪ್ಪುಗಟ್ಟುತ್ತಾ ಬೆಳೆದು, ಭಾರ ತಡೆಯದಾದಾಗ ಹೆಂಚು ಒಡೆಯುವಂತೆ ಬೀಳುತ್ತದೆ.