ಎಚ್‌ಪಿವಿ ಲಸಿಕೆಯ ಡೋಸ್ ಸಂಖ್ಯೆ: ಶಿಫಾರಸುಗಳ ಕಾಲಕ್ರಮ ಮತ್ತು ಒಂದು ಭಾರತೀಯ ಅಧ್ಯಯನದ ಅಂಕಿಗಳು

೧. ವ್ಯಾಪ್ತಿ
ಗರ್ಭಕಂಠ ಕ್ಯಾನ್ಸರ್ ತಡೆಯುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಲಸಿಕೆಯ ಡೋಸ್ ಸಂಖ್ಯೆ ಮೂರರಿಂದ ಒಂದಕ್ಕೆ ಇಳಿದ ಕ್ರಮವನ್ನೂ ಆ ಇಳಿಕೆಗೆ ಒದಗಿದ ಒಂದು ಆಧಾರವನ್ನೂ ಇಲ್ಲಿ ಪರಿಶೀಲಿಸಲಾಗಿದೆ.

೨. ಕಾಲಕ್ರಮ
2006ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ಗಾರ್ಡಸಿಲ್ ಲಸಿಕೆಯ ಮೂಲ ವೇಳಾಪಟ್ಟಿ 0, 2, 6 ತಿಂಗಳು. ಮತ್ತೊಂದು ಎಚ್‌ಪಿವಿ ಲಸಿಕೆಯಾದ ಸರ್ವಾರಿಕ್ಸ್‌ನದು 0, 1, 6. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ 15 ವರ್ಷದೊಳಗಿನ ಬಾಲಕಿಯರಿಗೆ ಎರಡು ಡೋಸ್ ಸಾಕೆಂದಿತು. 2022ರ ಡಿಸೆಂಬರ್‌ನ ನಿಲುವು ಪತ್ರದ ಪ್ರಕಾರ 9–20 ವರ್ಷದವರಿಗೆ ಒಂದು ಅಥವಾ ಎರಡು, 21 ದಾಟಿದವರಿಗೆ ಆರು ತಿಂಗಳ ಅಂತರದಲ್ಲಿ ಎರಡು. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು.

೩. ಭಾರತದ ಅಧ್ಯಯನ
2009ರ ಸೆಪ್ಟೆಂಬರ್‌ನಲ್ಲಿ ಆರಂಭವಾದ, ಡೋಸ್ ಇಳಿಕೆಗೆ ಆಧಾರ ಒದಗಿಸಿದ ಈ ಅಧ್ಯಯನ 10–18 ವರ್ಷದ ಅವಿವಾಹಿತ ಬಾಲಕಿಯರಲ್ಲಿ ಎರಡು ಮತ್ತು ಮೂರು ಡೋಸ್‌ಗಳನ್ನು ಹೋಲಿಸಲು ರೂಪುಗೊಂಡಿತ್ತು. ಒಂದು ಡೋಸ್‌ನ ಗುಂಪು ಯೋಜನೆಯಲ್ಲಿರಲಿಲ್ಲ. ಆಂಧ್ರಪ್ರದೇಶ ಮತ್ತು ಗುಜರಾತ್‌ನ ಬೇರೊಂದು ಎಚ್‌ಪಿವಿ ಲಸಿಕೆ ಯೋಜನೆಯ ಬಗ್ಗೆ ಆಕ್ಷೇಪಗಳು ಎದ್ದಾಗ, 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಅಧ್ಯಯನಗಳಲ್ಲಿ ಲಸಿಕೆ ನೀಡುವುದನ್ನು ನಿಲ್ಲಿಸಿತು. ಹೀಗಾಗಿ ಹಲವರ ಡೋಸ್‌ಗಳು ಅಪೂರ್ಣವಾಗಿ ಉಳಿದು, ಒಂದೇ ಡೋಸ್ ಪಡೆದ ಗುಂಪೂ ಉಂಟಾಯಿತು.

೪. ಅಂಕಿಗಳ ವ್ಯತ್ಯಾಸ
ಈ ಅಧ್ಯಯನದ 2016ರ ವರದಿಯಲ್ಲಿ ಗುಂಪುಗಳು ಹೀಗಿವೆ: ಮೂರು ಡೋಸ್ 4,348; 1ನೇ ಮತ್ತು 180ನೇ ದಿನ ಅಥವಾ ನಂತರ ಎರಡು ಡೋಸ್ 4,979; 1 ಮತ್ತು 60ನೇ ದಿನ ಎರಡು ಡೋಸ್ 3,452; ಒಂದು ಡೋಸ್ 4,950. ಒಟ್ಟು 17,729. 2021ರ ವರದಿಯಲ್ಲಿ ಎರಡನೆಯ ಗುಂಪು 4,980, ಕೊನೆಯದು 4,949. ಒಟ್ಟು ಮೊತ್ತ ಬದಲಾಗದ ಕಾರಣ, ಒಬ್ಬರ ವರ್ಗೀಕರಣ ಮಾತ್ರ ಬದಲಾಗಿರಬಹುದು ಎಂದು ಊಹಿಸಬಹುದು. ಫಲಿತಾಂಶದ ಮೇಲೆ ಇದರ ಪರಿಣಾಮ ನಗಣ್ಯ. ಆದರೆ ಉಲ್ಲೇಖಿಸುವಾಗ ಯಾವ ವರ್ಷದ ವರದಿ ಎಂಬುದನ್ನು ನಮೂದಿಸುವುದು ಉಚಿತ.

೫. ಫಲಿತಾಂಶದ ಮಿತಿ
2021ರ ವರದಿಯಂತೆ 16 ಮತ್ತು 18ನೇ ಬಗೆಯ ವೈರಸ್‌ನ ನಿರಂತರ ಸೋಂಕಿನ ವಿರುದ್ಧ ಪರಿಣಾಮಕತೆ ಒಂದು ಡೋಸ್‌ಗೆ ಶೇ. 95.4 (ಶೇ. 95 ವಿಶ್ವಾಸ ವ್ಯಾಪ್ತಿ 85.0–99.9), ಎರಡಕ್ಕೆ 93.1 (77.3–99.8), ಮೂರಕ್ಕೆ 93.3 (77.5–99.7). ವ್ಯಾಪ್ತಿಗಳು ಒಂದರ ಮೇಲೊಂದು ಹಾಯುವುದರಿಂದ ಒಂದು ಡೋಸ್ ಮಿಗಿಲೆಂದು ಓದುವುದು ತಪ್ಪಾದೀತು. ಅಳೆದದ್ದು ನಿರಂತರ ಸೋಂಕನ್ನು, ಕ್ಯಾನ್ಸರನ್ನಲ್ಲ. ಒಂದು ಡೋಸ್‌ನ ಗುಂಪು ಯಾದೃಚ್ಛಿಕ ಹಂಚಿಕೆಯಿಂದ ಬಂದದ್ದೂ ಅಲ್ಲ. ಕೀನ್ಯಾದಲ್ಲಿ 15–20 ವರ್ಷದವರ ಮೇಲೆ ನಡೆದ ಯಾದೃಚ್ಛಿಕ ಪ್ರಯೋಗ ಈ ಕೊರತೆಯನ್ನು ಭಾಗಶಃ ತುಂಬುತ್ತದೆ: ಅದರಲ್ಲಿ ಒಂದು ಡೋಸ್‌ನ ಪರಿಣಾಮಕತೆ 18 ತಿಂಗಳಲ್ಲಿ ಶೇ. 97.5.

೬. ಪರವಾನಗಿ ಮತ್ತು ಶಿಫಾರಸು
ಪರವಾನಗಿ ಮತ್ತು ಶಿಫಾರಸು ಒಂದೇ ಅಲ್ಲ. 2022ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ ಲಸಿಕೆಗೆ ಅನುಮೋದಿತ ವೇಳಾಪಟ್ಟಿ 9–14 ವರ್ಷಕ್ಕೆ 0, 6 ತಿಂಗಳು. 15–26 ವರ್ಷಕ್ಕೆ 0, 2, 6. ಅದೇ ವರ್ಷದ ವಿಶ್ವ ಆರೋಗ್ಯ ಸಂಸ್ಥೆಯ ನಿಲುವು ಪತ್ರ ಒಂದು ಡೋಸನ್ನು ಪರವಾನಗಿಯ ಹೊರಗಿನ ಪರ್ಯಾಯವೆಂದೇ ಗುರುತಿಸಿತ್ತು. ಆದ್ದರಿಂದ ಡೋಸ್ ಸಂಖ್ಯೆಯನ್ನು ಉಲ್ಲೇಖಿಸುವಾಗ ಲಸಿಕೆ, ವಯಸ್ಸು, ಶಿಫಾರಸು ಮಾಡಿದ ಸಂಸ್ಥೆ ಮತ್ತು ವರ್ಷ ಈ ನಾಲ್ಕನ್ನೂ ಜೊತೆಗೆ ನೀಡಬೇಕಾಗುತ್ತದೆ.