ಕಂಠಾಭರಣ ಸಂಖ್ಯೆ: 12345654321

ಒಂದರಿಂದ ಆರರವರೆಗೆ ಏರಿ, ಅದೇ ಮೆಟ್ಟಿಲುಗಳಲ್ಲಿ ಮರಳಿ ಒಂದಕ್ಕೆ ಇಳಿಯುವ ಹನ್ನೊಂದು ಅಂಕಿಗಳ ಪೂರ್ಣಾಂಕ. ಬೆಲೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮಿಗಿಲು. ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇದು 27994681ನ್ನು 441ರಿಂದ ಗುಣಿಸಿದಾಗ ಸಿಗುವ ಉತ್ತರ.

ಆ ಗ್ರಂಥದ ಆರಂಭದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಏಕ, ದಶ, ಶತದಿಂದ ಹಿಡಿದು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟ ಆಚಾರ್ಯರಿಗೆ ದೊಡ್ಡ ಸಂಖ್ಯೆಗಳ ಮೇಲೆ ನಿಜವಾದ ಅಕ್ಕರೆ ಇತ್ತು. ಎರಡು ಕಡೆಯಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. 11011011ನ್ನು 91ರಿಂದ ಗುಣಿಸಿದರೆ ಬರುವ 1002002001 ರಾಜಕುಮಾರನಿಗೆ ತಕ್ಕ ಕಂಠಿಕೆಯಂತೆ.

ಈ ಲೆಕ್ಕಗಳ ಸೊಗಸು ಶ್ಲೋಕದಲ್ಲಿ ಕಿವಿಗೆ ಸುಲಭವಾಗಿ ಸಿಗುವುದಿಲ್ಲ. ಅಲ್ಲಿ ಅಂಕಿಗಳ ಬದಲು ಪದಗಳಿವೆ: ಚಂದ್ರ ಎಂದರೆ ಒಂದು, ಆಕಾಶ ಎಂದರೆ ಸೊನ್ನೆ. ಬಿಡಿಸಿ ಬರೆದು ಗುಣಿಸಿದ ಶಿಷ್ಯನ ಕಣ್ಣಿಗೆ ಹಾರ ಕಾಣುತ್ತದೆ. ಪದಸಂಖ್ಯೆಗಳನ್ನು ಬಿಡಿಸ್ಥಾನದಿಂದ, ಅಂದರೆ ಬಲದಿಂದ ಎಡಕ್ಕೆ ಓದುವುದು ವಾಡಿಕೆ. ‘ವಿಕಟಕವಿ’ಯಂಥ ಸಂಖ್ಯೆಗೆ ಆ ದಿಕ್ಕಿನ ಹಂಗೇ ಇಲ್ಲ.

ರಚನೆಯ ಗುಟ್ಟು ಸರಳ. 12345654321 ಎಂಬುದು 111111ರ ವರ್ಗ. 111111ನ್ನು ಆರು ಸಲ, ಪ್ರತಿ ಸಲವೂ ಒಂದು ಮನೆ ಎಡಕ್ಕೆ ಸರಿಸಿ ಬರೆದು ಕೂಡಿದರೆ, ಕಂಬಸಾಲುಗಳಲ್ಲಿ ಒಂದು, ಎರಡು, ಮೂರು ಹೀಗೆ ಆರರವರೆಗೆ ಒಂದುಗಳು ಸೇರಿ ಮತ್ತೆ ಕರಗುತ್ತವೆ. ಅಂಕಿಗಳ ಮೊತ್ತ 36, ಅದೂ ಆರರ ವರ್ಗ. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಆದ್ದರಿಂದ ಅದರ ವರ್ಗಕ್ಕೆ 243 ಭಾಜಕಗಳಿವೆ. ಮಹಾವೀರರ ಎರಡು ಗುಣಕಗಳೂ ವರ್ಗಗಳೇ: 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ, 21ನ್ನು 5291ರಿಂದ ಗುಣಿಸಿದರೆ 111111. ಈ ಹೊಂದಿಕೆ ಆಕಸ್ಮಿಕವಾಗಿ ಕೈಗೆ ಸಿಗುವಂಥದ್ದಲ್ಲ.

ಗ್ರಂಥ ಕನ್ನಡ ಲಿಪಿಯ ಹಸ್ತಪ್ರತಿಗಳಲ್ಲೂ ಉಳಿದುಬಂತು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂತು. 20ನೆಯ ಶತಮಾನದಲ್ಲಿ ದೇವಳಾಲಿಯ ಶಾಲಾ ಶಿಕ್ಷಕ ಡಿ. ಆರ್. ಕಾಪ್ರೇಕರ್ 1, 121, 12321 ಮುಂತಾದ ಇದೇ ಸಾಲನ್ನು ‘ಡೆಮ್ಲೊ ಸಂಖ್ಯೆ’ಗಳಲ್ಲಿ ಸೇರಿಸಿ ಅಭ್ಯಸಿಸಿದರು.

ಒಂಬತ್ತು ಒಂದುಗಳ ವರ್ಗದವರೆಗೆ ಏರಿಳಿತ ಕೆಡುವುದಿಲ್ಲ: 12345678987654321. ಹತ್ತು ಒಂದುಗಳಾದಾಗ ನಡುವಿನ ಕಂಬಸಾಲಿನಲ್ಲಿ ದಶಕ ಹುಟ್ಟಿ, ಹಾರ ತುಂಡಾಗಿ 1234567900987654321 ಆಗುತ್ತದೆ. ಏರುವ ಕಡೆ ಏಳರ ಮುಂದೆ ಎಂಟು ಬಿಟ್ಟುಹೋಗಿ ಒಂಬತ್ತು ಬರುತ್ತದೆ. ಹಾಗೆ ಎಂಟಿಲ್ಲದ 12345679 ಕೂಡ ‘ಗಣಿತಸಾರಸಂಗ್ರಹ’ದಲ್ಲಿದೆ, ಅದನ್ನು ಒಂಬತ್ತರಿಂದ ಗುಣಿಸಿದರೆ 111111111.